ರಾಜದೇವಿಯಲ್ಲಿ ಇಳಿದದ್ದು

ನನ್ನ ಅಕ್ಕ ಬ್ಯಾಂಕಾಕ್‌ನಲ್ಲಿ ಮಗಳ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಸುದ್ದಿ ಬಂದಾಗ ನಾನು ಮ್ಯಾನ್‌ಹಟನ್ನಿಗೆ ನದಿಯಾಚೆಯ ಫೋರ್ಟ್ ಲೀಯ ನನ್ನ ಫ್ಲ್ಯಾಟಿನಲ್ಲಿ ಬೆಳಗಿನ ಕಾಫಿಗೆ ಡಿಕಾಕ್ಷನ್ ಇಳಿಸುತ್ತಿದ್ದೆ. ಫೋನು ಮಾಡಿದವಳು ಅಕ್ಕನ ಮಗಳು. ಅವಳು ಅಳುತ್ತಿರಲಿಲ್ಲ. ಅತ್ತು ಮುಗಿಸಿದ ಮೇಲೆ ಬರುವ ಒಣ ದನಿಯಲ್ಲಿ ಮಾತಾಡುತ್ತಿದ್ದಳು.

"ಚಿಕ್ಕಮ್ಮ, ಆಪರೇಷನ್ ಮಾಡ್ಲೇಬೇಕಂತೆ. ತಡ ಆದಷ್ಟೂ ಕಷ್ಟ, ಆಮೇಲೆ ನಡೆಯೋದೇ ಡೌಟು ಅಂತಿದ್ದಾರೆ ಡಾಕ್ಟ್ರು. ಆದ್ರೆ ಅಮ್ಮ ಒಪ್ತಾನೇ ಇಲ್ಲ."

"ಯಾಕಂತೆ?"

"ನೀವು ಬರ್ಬೇಕಂತೆ. ನೀವು ರಿಪೋರ್ಟ್ ನೋಡಿ ಸರಿ ಅಂದ್ರೆ ಮಾತ್ರ ಅಂತೆ."

ನಾನು ಕೆಲಸ ಮಾಡಿದ್ದು ಮ್ಯಾನ್‌ಹಟನ್ನಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ. ನಿವೃತ್ತಿಯವರೆಗೂ ಪ್ರತಿದಿನ ಬೆಳಗ್ಗೆ ಸೇತುವೆ ದಾಟುವ ಬಸ್ಸು ಹಿಡಿದು ಹೋಗಿ, ಊರವರ ರಕ್ತ ನೋಡಿ, ಸಂಜೆ ಮತ್ತೆ ಸೇತುವೆ ದಾಟಿ ಬರುತ್ತಿದ್ದೆ. ಹಾಗಾಗಿ ನಮ್ಮ ಮನೆತನದಲ್ಲಿ ಯಾರಿಗೆ ಏನೇ ಪರೀಕ್ಷೆಯಾಗಲಿ, ಅದರ ರಿಪೋರ್ಟು ನನ್ನ ಕಣ್ಣ ಮುಂದೆ ಹಾದು ಹೋಗಬೇಕು ಎನ್ನುವುದು ಬರೆಯದ ಕಾನೂನು. ನಾನು ಡಾಕ್ಟರಲ್ಲ ಎಂದು ಎಷ್ಟು ಹೇಳಿದರೂ ಅಕ್ಕ ಕೇಳಿದವಳಲ್ಲ. ಬಿ.ಪಿ. ಮಾತ್ರೆಯನ್ನು ಕೂಡ ನನ್ನನ್ನು ಕೇಳದೆ ನುಂಗುವವಳಲ್ಲ.

ರಿಪೋರ್ಟುಗಳನ್ನು ಫೋನಿಗೆ ತರಿಸಿಕೊಂಡು ನೋಡಿದೆ. ಹೃದಯ ಸ್ವಲ್ಪ ದುರ್ಬಲ, ಆದರೆ ಆಪರೇಷನ್ನಿಗೆ ಅಡ್ಡಿಯಿಲ್ಲ. ಅಕ್ಕನಿಗೆ ಹಾಗೆಯೇ ಹೇಳಿದೆ.

"ಫೋನಲ್ಲಿ ಎಲ್ರೂ ಸರಿಯಾಗಿದೆ ಅಂತಾನೇ ಹೇಳೋದು," ಎಂದಳು. "ಎದುರಿಗೆ ಬಂದು ಹೇಳು. ರಿಪೋರ್ಟ್ ಓದಕ್ಕೆ ನಂಗೆ ಬರಲ್ಲ, ನಿನ್ನ ಮುಖ ಓದಕ್ಕೆ ಬರತ್ತೆ."

ಇನ್ನೊಂದು ತೊಡಕೂ ಇತ್ತು. ಮೂರು ದಿನ ಕಳೆದರೆ ಅಲ್ಲಿ ದೊಡ್ಡ ಹಬ್ಬದ ರಜೆ. "ಸೋಂಕ್ರಾನ್" ಎಂದಳು ಅಕ್ಕನ ಮಗಳು. ಸರ್ಜನ್ನರು ರಜೆಯ ಹಿಂದಿನ ದಿನ ಮಧ್ಯಾಹ್ನಕ್ಕೆ ಸಮಯ ಕೊಟ್ಟಿದ್ದರು. ಅದು ತಪ್ಪಿದರೆ ಅವರು ತಮ್ಮ ಊರಿಗೆ ಹೊರಟುಹೋಗುತ್ತಾರೆ, ಅಕ್ಕ ಹಬ್ಬ ಮುಗಿಯುವವರೆಗೆ ಮುರಿದ ಸೊಂಟದಲ್ಲಿ ಮಲಗಿರಬೇಕು. ಆ ಮಲಗುವಿಕೆಯಿಂದ ಎಷ್ಟೋ ವಯಸ್ಸಾದವರು ಮತ್ತೆ ಏಳಲೇ ಇಲ್ಲ ಎನ್ನುವುದು ಆಸ್ಪತ್ರೆಯಲ್ಲಿ ದುಡಿದ ನನಗೆ ಚೆನ್ನಾಗಿ ಗೊತ್ತು.

ನಾನು ಓದಿದ್ದು ಮೈಸೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ. ಅಲ್ಲಿ ಏಳುವುದಕ್ಕೊಂದು ಗಂಟೆ, ಓದುವುದಕ್ಕೊಂದು ಗಂಟೆ, ದೀಪ ಆರಿಸುವುದಕ್ಕೂ ಒಂದು ಗಂಟೆ. ಆ ಅಭ್ಯಾಸ ಈಗಲೂ ಬಿಟ್ಟಿಲ್ಲ. ಕಾಫಿ ಕುಡಿದು ಲೋಟ ತೊಳೆದಿಡುವಷ್ಟರಲ್ಲಿ ಟಿಕೆಟ್ಟಿನ ವಿಚಾರ ತೀರ್ಮಾನವಾಗಿತ್ತು. ಸಣ್ಣ ಕೈಚೀಲವೊಂದನ್ನು ಕಟ್ಟಿಕೊಂಡೆ. ಪ್ರಿನ್ಸ್‌ಟನ್ನಿನಿಂದ ಮಗ ಫೋನು ಮಾಡಿದ.

"ಅಮ್ಮ, ನಾನು ಬಂದು ಏರ್‌ಪೋರ್ಟ್‌ಗೆ ಡ್ರಾಪ್ ಮಾಡ್ತೀನಿ. ಸ್ವಲ್ಪ ವೇಯ್ಟ್ ಮಾಡು."

"ನೀನು ಅಲ್ಲಿಂದ ಡ್ರೈವ್ ಮಾಡ್ಕೊಂಡು ಬಂದು, ನನ್ನ ಕೂರಿಸ್ಕೊಂಡು, ಟರ್ನ್‌ಪೈಕ್‌ನ ಟ್ರಾಫಿಕ್ಕಲ್ಲಿ ನಿಂತ್ಕೊಂಡು... ಬೇಡಪ್ಪ. ನಾನು ಟ್ರೇನ್‌ನಲ್ಲಿ ಹೋಗ್ತೀನಿ."

ಹಿಂದಿನಿಂದ ಮೊಮ್ಮಗಳ ದನಿ ಕೇಳಿಸಿತು. "ಅಜ್ಜಿ, ಯು ಆರ್ ಸೋ ಸ್ಟಬರ್ನ್!"

"ಥ್ಯಾಂಕ್ ಯು," ಎಂದೆ. 'ಸ್ಟಬರ್ನ್' ಎನ್ನುವುದನ್ನು ಅವಳು ಬೈಗುಳವೆಂದುಕೊಂಡಿದ್ದಳು.

ಬಸ್ಸಿನಲ್ಲಿ ಮ್ಯಾನ್‌ಹಟನ್ನಿಗೆ, ಅಲ್ಲಿಂದ ರೈಲಿನಲ್ಲಿ ನ್ಯೂಅರ್ಕ್ ವಿಮಾನ ನಿಲ್ದಾಣಕ್ಕೆ. ಸೀಕಾಕಸ್‌ನಲ್ಲಿ ರೈಲು ನಿಂತಾಗ ಜನ ದಡದಡ ಇಳಿದು ಬೇರೆ ಬೇರೆ ಪ್ಲಾಟ್‌ಫಾರ್ಮುಗಳಿಗೆ ಓಡಿದರು. ನೂರಾರು ಸಲ ನಾನೂ ಅಲ್ಲಿ ಹಾಗೆ ಓಡಿದ್ದೇನೆ, ಒಮ್ಮೆಯೂ ತಪ್ಪು ರೈಲು ಹತ್ತಿಲ್ಲ. ಅಂದು ಕಿಟಕಿಯ ಪಕ್ಕ ಕುಳಿತು, ಆ ಹೆಮ್ಮೆ ಬ್ಯಾಂಕಾಕ್‌ನಲ್ಲೂ ಕೆಲಸಕ್ಕೆ ಬರುತ್ತದೆ ಎಂದುಕೊಂಡೆ.

ನಡುವೆ ಒಂದು ಕಡೆ ವಿಮಾನ ಬದಲಿಸಿ, ಕಾಲು ಊದಿಕೊಂಡು, ರಜೆಯ ಹಿಂದಿನ ದಿನ ಬೆಳಗ್ಗೆ ಬ್ಯಾಂಕಾಕ್‌ನಲ್ಲಿ ಇಳಿದೆ. ಆ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. ಎಷ್ಟು ಚೆಂದದ ಹೆಸರು! ಶನಿವಾರಗಳಲ್ಲಿ ನಾನು ಫೋರ್ಟ್ ಲೀಯ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. 'ಭ' ಬದಲು 'ಬ' ಎಂದರೆ ಬಿಡುವವಳಲ್ಲ. ಹಾಗಾಗಿ ಮಾಹಿತಿ ಕೌಂಟರಿನ ಹೆಣ್ಣುಮಗಳ ಮುಂದೆ ನಿಂತು, ಭೂಮಿಯ ಭಕಾರಕ್ಕೆ ಪೂರ್ತಿ ಉಸಿರು ಕೊಟ್ಟು, "ಸುವರ್ಣಭೂಮಿಯಿಂದ ನಗರಕ್ಕೆ ರೈಲು ಎಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. ನಾನು ಮತ್ತೆ ಹೇಳಿದೆ. ಕೊನೆಗೆ ನೆಲದ ಕಡೆ ಬೆರಳು ತೋರಿಸಿದೆ.

"ಓ! ಸುವನ್ನಪೂಮ್!" ಎಂದು ನಕ್ಕು, ಕೆಳಗಿಳಿಯುವ ದಾರಿ ತೋರಿಸಿದಳು.

ಪೂಮ್! ನನಗೆ ಮೈ ಉರಿಯಿತು. ನಮ್ಮ ಪದವನ್ನು ತೆಗೆದುಕೊಂಡು ಹೋಗಿ ಹೀಗೆ ಮಾಡಿದ್ದಾರಲ್ಲ ಎಂದು. ಮುಂದಿನ ತಪ್ಪು ಹುಟ್ಟಿದ್ದು ಆ ಉರಿಯಿಂದಲೇ.

ಅಕ್ಕನ ಮಗಳು ಆಸ್ಪತ್ರೆಯಲ್ಲಿ ಅಮ್ಮನ ಪಕ್ಕ ಬಿಟ್ಟು ಕದಲುವಂತಿರಲಿಲ್ಲ. ಅವಳ ಗಂಡ ಕೆಲಸದ ಮೇಲೆ ಬೇರೆ ದೇಶದಲ್ಲಿದ್ದ. ಹಬ್ಬಕ್ಕೆ ಊರು ಬಿಟ್ಟು ಹೊರಟವರಿಂದ ರಸ್ತೆಯೆಲ್ಲ ತುಂಬಿರುತ್ತದೆ, ಟ್ಯಾಕ್ಸಿ ಬೇಡವೇ ಬೇಡ ಎಂದು ಅವಳು ಮೊದಲೇ ಎಚ್ಚರಿಸಿದ್ದಳು. ದಾರಿಯನ್ನು ಫೋನಿನಲ್ಲಿ ಮೆಸೇಜು ಮಾಡಿದ್ದಳು: ವಿಮಾನ ನಿಲ್ದಾಣದ ರೈಲಿನಲ್ಲಿ ಕೊನೆಯ ನಿಲ್ದಾಣ ಪಯಾ ತಾಯ್. ಅಲ್ಲಿ ಮೇಲ್ಸೇತುವೆಯ ರೈಲು ಹತ್ತಿ ಸಯಾಮ್. ಸಯಾಮ್‌ನಲ್ಲಿ ಬದಲಾಯಿಸಿ ರಾಚದಮ್ರಿ. ಇಳಿದರೆ ಆಸ್ಪತ್ರೆ ಹತ್ತಿರವೇ.

ಪಯಾ ತಾಯ್ ನೆನಪಿಡಲು ಕಷ್ಟವಾಗಲಿಲ್ಲ, ತಾಯಿ ಇದ್ದಾಳಲ್ಲ. ರೈಲು ಎತ್ತರದ ಕಂಬಗಳ ಮೇಲೆ ಓಡುತ್ತಿತ್ತು. ಕೆಳಗೆ ಹೆದ್ದಾರಿಯಲ್ಲಿ ಕಾರುಗಳು ಒಂದಕ್ಕೊಂದು ಅಂಟಿಸಿದಂತೆ ನಿಂತಿದ್ದವು. ಪಯಾ ತಾಯ್‌ನಲ್ಲಿ ಇಳಿದು, ಇನ್ನೊಂದು ರೈಲಿನ ಟಿಕೆಟ್ಟು ತೆಗೆದುಕೊಂಡು, ಗೋಡೆಯ ಮೇಲಿನ ನಕ್ಷೆಯ ಮುಂದೆ ನಿಂತೆ. ಮುಂದಿನ ನಿಲ್ದಾಣದ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ: ರಾಚತೇವಿ.

ನನ್ನ ತಲೆಯೊಳಗಿನ ಕನ್ನಡ ಟೀಚರ್ ಎದ್ದು ನಿಂತಳು. ರಾಚ ಎಂದರೆ ರಾಜ. ತೇವಿ ಎಂದರೆ ದೇವಿ. ರಾಜದೇವಿ! ಸರಿ, ರಾಚದಮ್ರಿ ಎಂದರೇನು? ದಮ್ರಿ ಎನ್ನುವ ಶಬ್ದವೇ ಇಲ್ಲ. ಪಾಪ, ಹುಡುಗಿ ನಿದ್ದೆಗೆಟ್ಟು, ಗಾಬರಿಯಲ್ಲಿ ಬೆರಳು ತಡವರಿಸಿ ದೇವಿಯನ್ನು ದಮ್ರಿ ಮಾಡಿದ್ದಾಳೆ. ಮತ್ತೆ, ಒಂದೇ ಒಂದು ನಿಲ್ದಾಣ ದೂರಕ್ಕೆ ಸಯಾಮ್‌ವರೆಗೆ ಹೋಗಿ ರೈಲು ಬದಲಿಸು ಎನ್ನುವುದೂ ಅದೇ ಗಾಬರಿಯ ಫಲ. ಮನಸ್ಸಿನಲ್ಲೇ ಕೆಂಪು ಶಾಯಿಯಿಂದ ತಿದ್ದಿದೆ. ರೈಲು ಬಂತು. ಒಂದು ನಿಲ್ದಾಣ. ರಾಜದೇವಿಯಲ್ಲಿ ಇಳಿದೆ.

ಮೆಟ್ಟಿಲಿಳಿದು ಬಂದು, ಹಣ್ಣು ಮಾರುತ್ತಿದ್ದ ಹೆಂಗಸನ್ನು ಕೈಯ ಮೇಲೆ ಸೂಜಿ ಚುಚ್ಚುವ ಅಭಿನಯ ಮಾಡಿ ಆಸ್ಪತ್ರೆ ಎಲ್ಲಿ ಎಂದು ಕೇಳಿದೆ. ಅವಳು ಒಂದು ಗಲ್ಲಿಯ ಕಡೆ ಕೈ ತೋರಿದಳು. ಹೋದರೆ ಆಸ್ಪತ್ರೆ ಇದ್ದೇ ಇತ್ತು. ತಿದ್ದಿದ್ದು ಸರಿಯಾಯಿತೆಂದು ಬೀಗಿದೆ, ಬಾಗಿಲ ಮೇಲಿನ ಹೆಸರನ್ನು ಓದಲೂ ಇಲ್ಲ.

ಒಳಗೆ ಕೌಂಟರಿನಲ್ಲಿ ತೆಳ್ಳನೆಯ ಹುಡುಗಿಯೊಬ್ಬಳು ಕೈ ಮುಗಿದಳು. ಅಕ್ಕನ ಹೆಸರು ಹೇಳಿದೆ. ಕಂಪ್ಯೂಟರಿನಲ್ಲಿ ಹುಡುಕಿದಳು. ಇನ್ನೊಮ್ಮೆ ಹುಡುಕಿದಳು.

"ನೋ ಹ್ಯಾವ್, ಕಾ," ಎಂದಳು. 'ಕಾ' ಎನ್ನುವುದು ಅಲ್ಲಿನ ಹೆಂಗಸರು ಮರ್ಯಾದೆಗೆ ಮಾತಿನ ಕೊನೆಯಲ್ಲಿ ಸೇರಿಸುವ ಶಬ್ದ.

"ಇರಲೇಬೇಕು. ಸೊಂಟದ ಆಪರೇಷನ್. ಇವತ್ತು ಮಧ್ಯಾಹ್ನ."

"ಸಾರಿ ಮೇಡಂ. ಟುಡೇ ಆಪರೇಷನ್ ನೋ ಹ್ಯಾವ್."

ಅಕ್ಕನ ಮಗಳಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ವಾರ್ಡಿನಲ್ಲಿ ದನಿ ಆರಿಸಿ ಇಟ್ಟಿರಬೇಕು. ಹೊರಗೆ ಬಿಸಿಲು ನೆತ್ತಿಗೇರುತ್ತಿತ್ತು. ಈ ಊರಲ್ಲಿ ಎಲ್ಲೋ ಒಂದು ಹಾಸಿಗೆಯ ಮೇಲೆ ಅಕ್ಕ ಬಾಗಿಲು ನೋಡುತ್ತ ಮಲಗಿದ್ದಾಳೆ, ಅವಳು 'ಹೂಂ' ಅನ್ನದಿದ್ದರೆ ಅವರು ಕರೆದೊಯ್ಯುವುದಿಲ್ಲ, ನಾನು ಹೋಗದಿದ್ದರೆ ಅವಳು 'ಹೂಂ' ಅನ್ನುವುದಿಲ್ಲ. ಮೂರನೆಯ ಸಲ ಫೋನು ಮಾಡಿದೆ.

ಹುಡುಗಿ ಕೌಂಟರು ಬಿಟ್ಟು ಹೊರಬಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ನೀರು ಕೊಟ್ಟಳು. ನನ್ನ ಫೋನಿನ ಕಡೆ ಕೈ ಚಾಚಿದಳು. ಮೆಸೇಜಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿತ್ತು. ಅವಳು ಸಾಲಿನ ಮೇಲೆ ಬೆರಳಾಡಿಸುತ್ತ ಬಂದು ಒಂದು ಕಡೆ ನಿಂತಳು.

"ರಾಚ್-ದಮ್-ರಿ," ಎಂದಳು. "ಮೇಡಂ, ದಿಸ್ ಒನ್ ರಾಚ-ತೇ-ವೀ. ಯು ಗೋ ರಾಚ-ದಮ್-ರಿ."

"ದಮ್ರಿ ಅಂತ ನಿಜವಾಗಿ ಇದೆಯೇ?" ನಾನು ಕೇಳಿಬಿಟ್ಟೆ.

"ಹ್ಯಾವ್!" ಎಂದಳು ನಗುತ್ತ. "ಲಾಂಗ್ ಟೈಮ್ ಹ್ಯಾವ್!"

ರೈಲಿಗೆ ಮರಳಿ ಮೆಟ್ಟಿಲು ಹತ್ತಿ, ಬದಲಿಸಿ ಹೋಗಬಹುದಿತ್ತು. ಅವಳು ನನ್ನ ಮುಖ ನೋಡಿದಳು, ಊದಿದ ಕಾಲು ನೋಡಿದಳು, ತಲೆಯಾಡಿಸಿದಳು. "ಟ್ಯಾಕ್ಸಿ ನೋ. ಕಾರ್ ಮೆನಿ ಮೆನಿ. ಮೋಟೋಸಾಯ್."

ಮೋಟೋ, ಸಾಯ್! ಹೆಸರಿನಲ್ಲೇ ಸಾಯಿ ಎನ್ನುವ ವಾಹನ. ಅದು ಬಾಡಿಗೆ ಬೈಕು. ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟ ಸವಾರರು ಗಲ್ಲಿಯ ಬಾಯಲ್ಲಿ ಕುಳಿತಿರುತ್ತಾರೆ. ಹುಡುಗಿ ಚಪ್ಪಲಿಯಲ್ಲೇ ನನ್ನ ಜೊತೆ ಗಲ್ಲಿಯವರೆಗೆ ಬಂದಳು. ನಡುವಯಸ್ಸಿನ ಸವಾರನೊಬ್ಬನಿಗೆ ನಾನು ಹೋಗಬೇಕಾದ ಆಸ್ಪತ್ರೆಯ ಗುರುತು ಹೇಳಿದಳು, ಅವರ ಭಾಷೆಯಲ್ಲಿ ಇನ್ನೂ ಏನೇನೋ ಸೇರಿಸಿದಳು, ಬಹುಶಃ ಈ ಮುದುಕಿಯನ್ನು ಬೀಳಿಸಬೇಡ ಎಂದು. ನನ್ನ ಕೈಚೀಲ ಬೈಕಿನ ಮೇಲೆ ಹೊಂದಲಿಲ್ಲ. "ಬ್ಯಾಗ್ ಸ್ಲೀಪ್ ಹಿಯರ್," ಎಂದು ತಾನೇ ಹಿಡಿದುಕೊಂಡಳು. ಹೆಲ್ಮೆಟ್ಟಿನ ಪಟ್ಟಿ ಕಟ್ಟಿದಳು. ಪಾಸ್‌ಪೋರ್ಟು ನನ್ನ ಹೆಗಲ ಪರ್ಸಿನಲ್ಲಿತ್ತು. ಮಿಕ್ಕಿದ್ದೆಲ್ಲವನ್ನೂ ಹೆಸರೂ ಕೇಳದ ಒಬ್ಬ ಹುಡುಗಿಯ ಕೈಗೆ ಕೊಟ್ಟು ಬೈಕು ಹತ್ತಿದೆ.

ಮದುವೆಯಾದ ಹೊಸತರಲ್ಲಿ ಸ್ಕೂಟರಿನ ಹಿಂದೆ ಕುಳಿತವಳು, ಆಮೇಲೆ ಎರಡು ಚಕ್ರದ ಮೇಲೆ ಕುಳಿತದ್ದು ಅಂದೇ. ನಿಂತ ಕಾರುಗಳ ನಡುವಿನ ಸಂದಿನಲ್ಲಿ ಆತ ಹಾವಿನಂತೆ ನುಗ್ಗಿದ. ಕನ್ನಡಿಗಳು ನನ್ನ ಮಂಡಿಗೆ ತಾಗಿಯೂ ತಾಗದಂತೆ ಸರಿದವು. ಕಣ್ಣು ಮುಚ್ಚಿಕೊಳ್ಳೋಣವೆಂದರೆ ಆಗಲಿಲ್ಲ. ಒಂದು ಅಂಗಡಿಯ ಮುಂದೆ ಮಕ್ಕಳು ನೀರೆರಚುವ ಹಬ್ಬವನ್ನು ಒಂದು ದಿನ ಮುಂಚೆಯೇ ಆರಂಭಿಸಿದ್ದರು. ಬಕೆಟ್ಟಿನ ನೀರು ನೇರವಾಗಿ ನನ್ನ ಎದೆಗೆ ಬಿತ್ತು. ಮಕ್ಕಳು ಕೈ ಮುಗಿದು ಕಿರುಚಿದರು. ಸವಾರ ಹಿಂದೆ ತಿರುಗಿ "ಓಕೆ, ಮಾಮಾ?" ಎಂದ. ಅವನ ಮಾಮಾ ಎಂದರೆ ಅಮ್ಮ. ಓಕೆ ಎಂದೆ, ಮುಂದೆ ನೋಡಪ್ಪ ಎಂದು ಕನ್ನಡದಲ್ಲಿ ಸೇರಿಸಿದೆ.

ಅವನು ನನ್ನನ್ನು ಆಸ್ಪತ್ರೆಯ ಬಾಗಿಲಲ್ಲೇ ಇಳಿಸಿ, ಹೆಲ್ಮೆಟ್ಟು ಬಿಚ್ಚಿ, ಒಳಗಿನ ಕಾವಲುಗಾರನಿಗೆ ಒಪ್ಪಿಸಿ ಹೋದ.

ಅಕ್ಕನ ಕೋಣೆಯಲ್ಲಿ ಟ್ರಾಲಿ ಆಗಲೇ ಬಂದು ನಿಂತಿತ್ತು. ನರ್ಸ್ ಒಬ್ಬಳು ಮೂಲೆಯಲ್ಲಿ ಕಾಯುತ್ತಿದ್ದಳು. ಅಕ್ಕನ ಮಗಳು ಅಮ್ಮನ ಕೈ ಹಿಡಿದು ಬೇಡಿಕೊಳ್ಳುತ್ತಿದ್ದಳು. ಅಕ್ಕ ಗೋಡೆಯ ಕಡೆ ಮುಖ ಮಾಡಿದ್ದಳು. ನನ್ನ ಹೆಜ್ಜೆಯ ಸದ್ದಿಗೆ ತಿರುಗಿದಳು. ಮೇಲಿಂದ ಕೆಳಗೆ ನೋಡಿದಳು.

"ಇದೇನೇ ಇದು, ಬಾವಿಗೆ ಬಿದ್ದು ಬಂದ್ಯಾ?"

"ನಿಂಗೋಸ್ಕರ ನೀರಲ್ಲೂ ಮುಳುಗಿದೀನಿ. ರಿಪೋರ್ಟ್ ಎಲ್ಲಿ?"

ಒದ್ದೆ ಬಟ್ಟೆಯಲ್ಲೇ ನಿಂತು ರಿಪೋರ್ಟುಗಳನ್ನು ಮೊದಲಿಂದ ಕೊನೆಯವರೆಗೆ ಮತ್ತೆ ನೋಡಿದೆ. ನನಗೆ ಗೊತ್ತಿದ್ದ ಸಂಗತಿಗಳೇ. ಆದರೆ ಅಕ್ಕ ನೋಡುತ್ತಿದ್ದದ್ದು ರಿಪೋರ್ಟುಗಳನ್ನಲ್ಲ. ಹಾಗಾಗಿ ಮರೆಮಾಚದೆ ಹೇಳಿದೆ. "ಹಾರ್ಟ್ ಸ್ವಲ್ಪ ವೀಕ್ ಇದೆ. ಅದು ಡಾಕ್ಟ್ರಿಗೂ ಗೊತ್ತು. ಭಯ ಅನ್ನೋದು ನಂಗೂ ಇದೆ. ಆದ್ರೂ ಮಾಡಿಸ್ಕೊ."

ಅಕ್ಕ ನನ್ನ ಮುಖವನ್ನು ಓದಿ ಮುಗಿಸಿದಳು. ನಂತರ ನರ್ಸ್‌ನ ಕಡೆ ತಿರುಗಿ, ಅಪ್ಪಟ ಕನ್ನಡದಲ್ಲಿ, "ನಡಿಯಮ್ಮ, ಎತ್ಕೊಂಡು ಹೋಗು," ಎಂದಳು. ನರ್ಸ್‌ಗೆ ಅರ್ಥವಾಯಿತು.

ಸಂಜೆಯ ಹೊತ್ತಿಗೆ ಸರ್ಜನ್ನರು ಹೊರಬಂದು ಎಲ್ಲ ಸುಸೂತ್ರವಾಯಿತೆಂದು ಹೇಳಿದರು. ಅವರು ನಮ್ಮ ಕಾರಣಕ್ಕೆ ತಡವಾಗಿ ಊರಿಗೆ ಹೊರಟಿದ್ದರು. ಆ ಮಾತನ್ನು ಅವರೇ ಹೇಳಲಿಲ್ಲ, ನರ್ಸ್ ಹೇಳಿದಳು.

ಮರುದಿನ ನನ್ನ ಕೈಚೀಲ ತರಲು ರಾಚತೇವಿಗೆ ಹೋದೆ. ಸೋಂಕ್ರಾನ್ ಎಂದರೆ ಸಂಕ್ರಾಂತಿಯೇ, ಸೂರ್ಯ ಮೇಷಕ್ಕೆ ಬರುವ ದಿನ, ಅವರಿಗೆ ಹೊಸ ವರ್ಷ. ಬೀದಿ ತುಂಬ ನೀರು. ಹುಡುಗಿ ರಜೆಯಲ್ಲಿ ಊರಿಗೆ ಹೋಗಿದ್ದಳು. ಕೌಂಟರಿನ ಹಿಂದೆ ನನ್ನ ಚೀಲ ಇತ್ತು. ನೀರು ಹೋಗದಂತೆ ದೊಡ್ಡ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ದಾರ ಕಟ್ಟಿ, ಮೇಲೊಂದು ಚೀಟಿ ಅಂಟಿಸಿದ್ದಳು. ಅವರ ಲಿಪಿ ನನಗೆ ಬರುವುದಿಲ್ಲ. ಕಾವಲಿನವನು ಅದನ್ನು ಓದಿ ಇಂಗ್ಲಿಷಿನಲ್ಲಿ ಹೇಳಿದ: "ಗ್ರ್ಯಾಂಡ್‌ಮದರ್ ಕಮ್. ಗಿವ್." ಅವಳಿಗಾಗಿ ಒಂದು ಪೆಟ್ಟಿಗೆ ಚಾಕೊಲೇಟ್ ಬಿಟ್ಟು ಬಂದೆ. ಸಾಲದು ಎಂದು ಗೊತ್ತಿತ್ತು. ರಜೆ ಮುಗಿದ ಮೇಲೆ ಮತ್ತೆ ಹೋಗಿ ಅವಳನ್ನು ಕಂಡು ಬಂದೆ. ಆಗಲೂ ಸಾಲಲಿಲ್ಲ.

ಆ ಬಳಿಕ ನಾನು ಆ ಊರಿನಲ್ಲಿ ಓಡಾಡುವುದಕ್ಕೂ ಒಂದು ಕ್ರಮ ಹಾಕಿಕೊಂಡೆ. ಅಕ್ಕನ ಮಗಳ ಮನೆ ಅಸೋಕ್ ನಿಲ್ದಾಣದ ಬಳಿ. ಅದು ಅಶೋಕ ಎಂದು ಗೊತ್ತಿದ್ದೂ ನಾನು ಅಸೋಕ್ ಎಂದೇ ಹೇಳಲು ಕಲಿತೆ. ಬೆಳಗ್ಗೆ ಹೊರಟು, ಸಯಾಮ್‌ನಲ್ಲಿ ರೈಲು ಬದಲಿಸಿ, ಆಸ್ಪತ್ರೆಗೆ. ಆ ಬದಲಾವಣೆ ಎಷ್ಟು ಸಲೀಸೆಂದರೆ, ಒಂದು ರೈಲಿನಿಂದ ಇಳಿದು ಎಸ್ಕಲೇಟರಿನಲ್ಲಿ ಅಂತಸ್ತು ಬದಲಿಸುವುದು, ಅಷ್ಟೆ. ಸೀಕಾಕಸ್‌ನಲ್ಲಿ ಮೆಟ್ಟಿಲು ಹತ್ತಿಳಿದ ಕಾಲಿಗೆ ಅದು ಮರ್ಯಾದೆ ಮಾಡಿದಂತಿತ್ತು. ಜನ ಗೆರೆಯ ಮೇಲೆ ಸಾಲಾಗಿ ನಿಲ್ಲುತ್ತಾರೆ. ನಾನು ಒಳಗೆ ಕಾಲಿಡುವಷ್ಟರಲ್ಲಿ ಯಾರಾದರೂ ಎದ್ದು ಸೀಟು ಕೊಟ್ಟಿರುತ್ತಾರೆ. ಒಮ್ಮೆ ಕಾಲುವೆಯ ದೋಣಿಯಲ್ಲೂ ಹೋದೆ. ಅದು ದಡದಲ್ಲಿ ಪೂರ್ತಿ ನಿಲ್ಲುವುದೇ ಇಲ್ಲ. ಹಾರಿದಂತೆ ಹತ್ತಬೇಕು. ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ನನ್ನ ಎರಡು ತೋಳು ಹಿಡಿದು ಮೂಟೆಯಂತೆ ಎತ್ತಿ ಒಳಗಿಟ್ಟರು.

ಅಕ್ಕ ಹಾಸಿಗೆಯಿಂದ ತನ್ನ ವರದಿ ಒಪ್ಪಿಸುತ್ತಿದ್ದಳು.

"ನೋಡೇ, ಆ ನರ್ಸ್ ಒಳ್ಳೇವಳೇ. ಆದ್ರೆ ಬಂದಾಗೆಲ್ಲ ಕೈ ಮುಗಿದು 'ಸವತಿ ಅಕ್ಕಾ' ಅಂತಾಳೆ. ನಾನು ಅವಳಿಗೆ ಯಾವಾಗ ಸವತಿ ಆದೆ?"

"ಅದು ಸವತ್‌ದೀ ಕಾ. ನಮಸ್ಕಾರ ಅಂತ."

"ನಿಂಗೆ ಅವರ ಭಾಷೆ ಎಲ್ಲ ಬರತ್ತೆ ಬಿಡು. ದಮ್ರಿ ಗೊತ್ತಾಗ್ಲಿಲ್ಲ ಅಷ್ಟೆ."

ಅಕ್ಕನ ಮಗಳು ನಗುವನ್ನು ತಡೆಯಲು ಕಿಟಕಿಯ ಕಡೆ ತಿರುಗಿದಳು. ದಮ್ರಿಯ ಅರ್ಥ ನಾನು ಆಮೇಲೆ ವಿಚಾರಿಸಿದೆ. ಅದು ಅವರ ಕಡೆಯ ಮಾತಂತೆ, ರಾಚದಮ್ರಿ ಎಂದರೆ ಅರಸರ ಆಲೋಚನೆ ಎಂದರ್ಥವಂತೆ. ಶನಿವಾರದ ಮಕ್ಕಳಿಗೆ ಈಗ ಇದನ್ನೂ ಹೇಳುತ್ತೇನೆ. ಮಹಾಪ್ರಾಣಕ್ಕೆ ಅಂಕ ಕಳೆಯುವುದನ್ನು ಮಾತ್ರ ಬಿಟ್ಟಿಲ್ಲ.

ಕೆಲವು ವಾರಗಳ ನಂತರ ಅಕ್ಕನನ್ನು ಮನೆಯಿಂದ ತಪಾಸಣೆಗೆ ಕರೆದುಕೊಂಡು ಹೋದೆ. ಹೋಗುವಾಗ ಟ್ಯಾಕ್ಸಿ. ಡಾಕ್ಟರು ಅವಳನ್ನು ವರಾಂಡದ ಆ ತುದಿಯಿಂದ ಈ ತುದಿಗೆ ನಡೆಸಿ ನೋಡಿದರು. ಕೈಯಲ್ಲಿ ಕೋಲು. ಕೋಲು ಹೆಸರಿಗೆ ಮಾತ್ರ, ಹೆಜ್ಜೆ ಅವಳದೇ. ಹೊರಗೆ ಬಂದಾಗ ಟ್ಯಾಕ್ಸಿಗೆ ಕೈ ತೋರಿಸಲು ಹೋದೆ. ಅಕ್ಕ ತಡೆದಳು.

"ಇಷ್ಟು ವರ್ಷದಿಂದ ಈ ಊರಲ್ಲಿದೀನಿ, ರೈಲು ಹತ್ತಿಲ್ಲ ಕಣೇ. ನೀನು ದಿನಾ ಹೋಗೋ ರೈಲಲ್ಲಿ ಹೋಗೋಣ."

ನಿಲ್ದಾಣದ ಲಿಫ್ಟಿನಲ್ಲಿ ಮೇಲೆ ಹೋದೆವು. ಮನೆಗೆ ಹೋಗಬೇಕಾದರೆ ಸಯಾಮ್ ಕಡೆಯ ರೈಲು ಹತ್ತಬೇಕು. ನಾನು ಆ ಕಡೆಯ ಪ್ಲಾಟ್‌ಫಾರ್ಮಿಗೆ ಹೊರಟರೆ ಅಕ್ಕ ಎದುರು ಬದಿಯ ಫಲಕ ನೋಡುತ್ತ ನಿಂತಳು.

"ಆ ಕಡೆ ಹೋದ್ರೆ ಏನು ಸಿಗತ್ತೆ?"

"ನದಿ."

"ಹಂಗಾದ್ರೆ ಆ ಕಡೆ."

"ಅಕ್ಕ, ಮಾತ್ರೆ ತಗೊಳ್ಳೋ ಹೊತ್ತಾಗ್ತಾ ಬಂತು. ಊಟ ಆಗಿಲ್ಲ. ಮನೆ ಈ ಕಡೆ."

"ಮನೆ ಎಲ್ಲೂ ಹೋಗಲ್ಲ. ನಡಿ."

ರೈಲು ಬಂತು. ಶಾಲೆಯ ಸಮವಸ್ತ್ರದ ಹುಡುಗಿಯೊಬ್ಬಳು ಎದ್ದು ಸೀಟು ಕೊಟ್ಟಳು. ಅಕ್ಕ ಕುಳಿತಳು, ಪಕ್ಕದವನೂ ಎದ್ದು ನನಗೆ ಜಾಗ ಕೊಟ್ಟ. ಅಕ್ಕ ಕೋಲನ್ನು ನನ್ನ ಕೈಗೆ ಕೊಟ್ಟು, ಮಗುವಿನಂತೆ ಕಿಟಕಿಗೆ ಹಣೆ ಹಚ್ಚಿದಳು. ಕಟ್ಟಡಗಳು ಕಳೆದವು, ದೇವಸ್ಥಾನವೊಂದರ ಹೊಳೆವ ಮಾಡು ಕಳೆಯಿತು. ನದಿಯ ದಡದ ನಿಲ್ದಾಣ ಬಂದಾಗ ನಾನು ಎದ್ದು, "ಇಲ್ಲೇ ಇಳಿಯೋದು," ಎಂದೆ.

"ರೈಲು ನೀರಿನ ಮೇಲೆ ಹೋಗಲ್ವಾ?"

"ಹೋಗತ್ತೆ, ಮುಂದೆ."

"ಮತ್ತೆ ಇಲ್ಲಿ ಯಾಕೆ ಇಳೀತೀಯಾ? ಕೂತ್ಕೊ."

ಬಾಗಿಲು ಮುಚ್ಚಿಕೊಂಡಿತು. ನಾನು ಅವಳ ಪಕ್ಕ ಕುಳಿತೆ. ಕೆಳಗೆ ಕಂದು ನೀರು ಅಗಲವಾಗಿ ಬಿಚ್ಚಿಕೊಂಡಿತು. ದೋಣಿಗಳು ಒಂದನ್ನೊಂದು ಸುತ್ತಿಕೊಂಡು ಹೋಗುತ್ತಿದ್ದವು. ಅಕ್ಕ ನೀರಿನಿಂದ ಕಣ್ಣು ತೆಗೆಯದೆಯೇ ಕೇಳಿದಳು.

"ಆಚೆ ದಡದಲ್ಲಿ ಇಳಿದು ಸ್ವಲ್ಪ ನಡೆಯೋಣ್ವಾ?"